ಮಿಸ್ಡ್ ಕಾಲ್ ಕೊಟ್ಟ ಡಕಾಯಿತ

ನಾನು ಭಾಷಾಶಾಸ್ತ್ರ ಓದಿದವನಲ್ಲ, ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದವನು. ಹಾಗಾಗಿ ಇವತ್ತು ನಿಮ್ಮೆದುರು ಕೀಬೋರ್ಡ್ ಇಟ್ಟುಕೊಂಡು ಯುರೋಪಿನ ಹಾಡೊಂದರ ಬಗ್ಗೆ ಮಾತಾಡುವಾಗಲೂ ಹುಬ್ಬಳ್ಳಿಯ ಒಂದು ಮದುವೆ ರಿಸೆಪ್ಷನ್‌ನಿಂದಲೇ ಶುರು ಮಾಡಬೇಕಾಗುತ್ತದೆ.

2005ರ ಮೇ ತಿಂಗಳು. ಊಟದ ಪಂಕ್ತಿ ಏಳುವ ಹೊತ್ತಿಗೆ ವರನ ಗೆಳೆಯರ ಗುಂಪೊಂದು ವೇದಿಕೆ ಹತ್ತಿರ ಬಂತು. ‘ಅಣ್ಣಾರ, ಆ ಮಾಯಾಹೀ ಹಾಡ ಹಚ್ರೀ’ ಅಂತ ದುಂಬಾಲು. ಯಾವ ಮಾಯಾಹೀ ಅಂತ ಕೇಳಿದರೆ ಒಬ್ಬ ತನ್ನ ಫೋನ್ ತೆಗೆದು ರಿಂಗ್‌ಟೋನ್ ಕೇಳಿಸಿದ. ಟ್ಯೂನ್ ಹಿಡಿಯೋದು ಐದು ನಿಮಿಷದ ಕೆಲಸ, ನಾಲ್ಕೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸುತ್ತುತ್ತಿದ್ದವು. ಸಾಹಿತ್ಯ ಬೇಕಲ್ಲ? ಇನ್ನೊಬ್ಬ ಹುಡುಗನ ಹತ್ತಿರ ಪೂರ್ತಿ ಹಾಡು ಇತ್ತು. ನಮ್ಮ ಗಾಯಕಿ ಆ ಫೋನನ್ನು ಕಿವಿಗೆ ಒತ್ತಿಕೊಂಡು, ಭಾವಗೀತೆ ಬರೆದಿಟ್ಟುಕೊಳ್ಳುತ್ತಿದ್ದ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡರು. ‘ಮಾಯಾ ಹೀ, ಮಾಯಾ ಹೂ, ಮಾಯಾ ಹೋ, ಮಾಯಾ ಹಹ್ಹಾ.’ ಅದರ ಕೆಳಗೆ ‘ನುಮಾ ನುಮಾ ಏ’. ಪಕ್ಕದಲ್ಲಿ ‘ಸ್ಪ್ಯಾನಿಷ್?’ ಅಂತ ಒಂದು ಪ್ರಶ್ನಾರ್ಥಕ ಚಿಹ್ನೆ. ರಿದಮ್ ಪ್ಯಾಡ್ ನುಡಿಸುತ್ತಿದ್ದವನು ಬಗ್ಗಿ ನೋಡಿ, ‘ಮಾಯಾ ಅಂತ ಯಾವಳೋ ಹುಡುಗಿ ಇರಬೇಕು ಬಿಡ್ರೀ’ ಅಂದ.

ಅವತ್ತು ಅದೇ ಹಾಡನ್ನು ಮೂರು ಸಲ ನುಡಿಸಿದೆವು. ಹಾಡಿದವರಿಗೂ ಅರ್ಥ ಗೊತ್ತಿಲ್ಲ, ಕುಣಿದವರಿಗೂ ಗೊತ್ತಿಲ್ಲ. ನಿಧಾನಕ್ಕೆ ಗೊತ್ತಾಗಿದ್ದೇನೆಂದರೆ, ಅದಕ್ಕೂ ಒಂದು ವರ್ಷ ಮೊದಲು ಅದೇ ಹಾಡಿಗೆ ಕುಣಿದ ಜರ್ಮನಿಯವರಿಗೂ ಫ್ರಾನ್ಸಿನವರಿಗೂ ನಮಗಿಂತ ಹೆಚ್ಚೇನೂ ಗೊತ್ತಿರಲಿಲ್ಲ.

ಹಾಡಿನ ಹೆಸರು ‘ದ್ರಾಗೊಸ್ತ್ಯಾ ದಿನ್ ತೇಯ್’. ಭಾಷೆ ಸ್ಪ್ಯಾನಿಷ್ ಅಲ್ಲ, ರೊಮೇನಿಯನ್. ಹಾಡಿದ್ದು ಓ-ಝೋನ್ ಅನ್ನುವ ಮೂವರ ತಂಡ: ದಾನ್ ಬಾಲಾನ್, ರಾದು ಸರ್ಬು, ಆರ್ಸೆನಿಯೆ ತೊದಿರಾಷ್. ಹಾಡು ಕಟ್ಟಿದವನು ಬಾಲಾನ್. ಮೂವರೂ ರೊಮೇನಿಯಾದವರಲ್ಲ, ಅದರ ಪಕ್ಕದ ಮೊಲ್ಡೋವಾದವರು. ರೊಮೇನಿಯಾ ಮತ್ತು ಉಕ್ರೇನ್ ನಡುವೆ ಸಿಕ್ಕಿಕೊಂಡಿರುವ, ಸಮುದ್ರ ತೀರವಿಲ್ಲದ ಪುಟ್ಟ ದೇಶ ಅದು. 1991ರ ಆಗಸ್ಟ್‌ವರೆಗೆ ಸೋವಿಯತ್ ಒಕ್ಕೂಟದ ಒಂದು ಭಾಗ. ಬಾಲಾನ್ ಹುಟ್ಟಿದ್ದು 1979ರಲ್ಲಿ, ರಾಜಧಾನಿ ಕಿಶಿನೌನಲ್ಲಿ. ಓ-ಝೋನ್‌ಗಿಂತ ಮುಂಚೆ ಅವನು ಇದ್ದದ್ದು ಮೆಟಲ್ ಬ್ಯಾಂಡ್‌ನಲ್ಲಿ, ಅದೂ ಕತ್ತಲು-ಸಾವು ಅಂತ ಗಂಟಲು ಹರಿದುಕೊಳ್ಳುವ ಜಾತಿಯದ್ದು. ಅಲ್ಲಿಂದ ಇಲ್ಲಿಗೆ ಬಂದ. ಸಂಗೀತಗಾರರ ಹೊಟ್ಟೆಪಾಡು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಆ ದೇಶದ ಭಾಷೆಯ ಕಥೆ ಸ್ವಲ್ಪ ಹೇಳಲೇಬೇಕು. ಸೋವಿಯತ್ ಕಾಲದಲ್ಲಿ ಮೊಲ್ಡೋವಾದಲ್ಲಿ ಅದೇ ರೊಮೇನಿಯನ್ ಭಾಷೆಗೆ ‘ಮೊಲ್ಡೋವನ್’ ಅಂತ ಹೆಸರಿಟ್ಟು ರಷ್ಯನ್ನರ ಸಿರಿಲಿಕ್ ಲಿಪಿಯಲ್ಲಿ ಬರೆಸುತ್ತಿದ್ದರು. ನದಿಯ ಆಚೆ ದಡದ ರೊಮೇನಿಯಾದಲ್ಲಿ ಲ್ಯಾಟಿನ್ ಲಿಪಿ. ಮಾತು ಒಂದೇ, ಅಕ್ಷರ ಬೇರೆ. ಕನ್ನಡ, ದೇವನಾಗರಿ, ರೋಮನ್ ಅಂತ ಮೂರು ಲಿಪಿಗಳಲ್ಲಿ ಹಂಚಿಹೋದ ಕೊಂಕಣಿಯನ್ನು ನೋಡಿದ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1989ರ ಆಗಸ್ಟ್ 31ರಂದು ಮೊಲ್ಡೋವಾ ಮತ್ತೆ ಲ್ಯಾಟಿನ್ ಲಿಪಿಗೆ ಬಂತು. ಇವತ್ತಿಗೂ ಆ ದಿನ ಅಲ್ಲಿ ‘ನಮ್ಮ ಭಾಷೆ’ ಅನ್ನುವ ಹೆಸರಿನ ಹಬ್ಬ. ಲೆಕ್ಕ ಹಾಕಿ, ಆಗ ಬಾಲಾನ್‌ಗೆ ಹತ್ತು ವರ್ಷ. ಭಾಷೆಗೆ ಏನು ಹೆಸರು ಅನ್ನುವ ಜಗಳ ಆಮೇಲೂ ಮುಗಿಯಲಿಲ್ಲ. 1994ರ ಸಂವಿಧಾನ ಮೊಲ್ಡೋವನ್ ಅಂದಿತು. ಎಲ್ಲ ಕಾನೂನುಗಳಲ್ಲೂ ರೊಮೇನಿಯನ್ ಅಂತಲೇ ಬರೆಯಬೇಕು ಅಂತ ಸಂಸತ್ತು ತೀರ್ಮಾನಿಸಿದ್ದು 2023ರಲ್ಲಿ. ಅಂದರೆ ತನ್ನ ದೇಶದಲ್ಲೇ ಹೆಸರು ಗಟ್ಟಿಯಾಗದ ಭಾಷೆಯ ಹಾಡೊಂದು ಯುರೋಪಿನ ನೆತ್ತಿ ಮೇಲೆ ಹೋಗಿ ಕೂತಿತ್ತು.

ಮಾರುಕಟ್ಟೆ ಇದ್ದದ್ದು ಆಚೆ ದಡದಲ್ಲೇ. ಮೂವರೂ ಬುಕಾರೆಸ್ಟ್‌ಗೆ ಹೋದರು. 2002ರಲ್ಲಿ ‘ದೆಸ್ಪ್ರೆ ತಿನೆ’ ಅನ್ನುವ ಹಾಡು ರೊಮೇನಿಯಾದಲ್ಲಿ ಗೆದ್ದಿತು. 2003ರಲ್ಲಿ ಬಂದದ್ದು ನಮ್ಮ ಈ ಹಾಡು.

ಈಗ ಕೀಬೋರ್ಡಿಗೆ ಬರೋಣ. ಬರೀ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಪೆಟ್ಟು ಹಾಕುತ್ತೇನೆ, ಕೇಳಿ. ಧಂ ಧಂ ಧಂ ಧಂ. ನಾಲ್ಕು ಮಾತ್ರೆಗೆ ನಾಲ್ಕು ಪೆಟ್ಟು, ಒಂದೂ ಬಿಡುವ ಹಾಗಿಲ್ಲ. ವೇಗ ನಿಮಿಷಕ್ಕೆ 130ರ ಆಸುಪಾಸು, ಅಂದರೆ ಓಡುತ್ತಿರುವವನ ಎದೆಬಡಿತ. ಪೆಟ್ಟಿಗೂ ಪೆಟ್ಟಿಗೂ ನಡುವಿನ ಖಾಲಿ ಜಾಗದಲ್ಲಿ ಬೇಸ್ ನುಗ್ಗುತ್ತದೆ. ಧಂ-ಗೂಂ, ಧಂ-ಗೂಂ. ಇದರ ಮೇಲೆ ಸಿಂತ್‌ನಲ್ಲಿ ಮಕ್ಕಳೂ ಗುನುಗಬಹುದಾದ ಒಂದು ಸಣ್ಣ ಸ್ವರಗುಚ್ಛ. ಇಷ್ಟಾದರೆ ಕುಣಿತಕ್ಕೆಂದೇ ಯುರೋಪಿನವರು ಕಟ್ಟಿದ ಯುರೋಡಾನ್ಸ್‌ನ ಚೌಕಟ್ಟು ಸಿಕ್ಕಿತು. ಜರ್ಮನಿ, ಇಟಲಿ, ನೆದರ್ಲೆಂಡ್ಸ್, ಸ್ವೀಡನ್ನಿನ ಸ್ಟುಡಿಯೋಗಳು 1990ರ ದಶಕವಿಡೀ ಇದನ್ನೇ ಇಡ್ಲಿ ತಟ್ಟೆಯಂತೆ ಬೇಯಿಸಿ ಇಳಿಸಿದವು. ಅವರೆಲ್ಲ ಹಾಡುತ್ತಿದ್ದದ್ದು ಬಹುಪಾಲು ಇಂಗ್ಲಿಷ್‌ನಲ್ಲಿ, ಅದೂ ಪರ್ಯಾಯ ಪದ ಸಿಗದೆ ಒದ್ದಾಡುವ ಇಂಗ್ಲಿಷ್‌ನಲ್ಲಿ. ಗಡಿ ದಾಟಬೇಕಾದರೆ ಇಂಗ್ಲಿಷೇ ಬೇಕು ಅಂತ ಎಲ್ಲರೂ ನಂಬಿದ್ದರು.

ಬಾಲಾನ್ ಬೇರೆ ದಾರಿ ಹಿಡಿದ. ಹಾಡಿನ ಮೊದಲ ಸಾಲನ್ನು ಯಾವ ಭಾಷೆಯಲ್ಲೂ ಬರೆಯಲೇ ಇಲ್ಲ. ‘ಮಾ-ಯಾ-ಹೀ’ ಅಂದರೆ ರೊಮೇನಿಯನ್‌ನಲ್ಲೂ ಏನೂ ಅಲ್ಲ. ನಮ್ಮ ‘ತಂದಾನಿ ತಾನೋ’ ಇದ್ದ ಹಾಗೆ, ‘ಕೋಲು ಕೋಲೆನ್ನ ಕೋಲೆ’ ಇದ್ದ ಹಾಗೆ. ಹಾಡುಗಾರ ಅರ್ಥಕ್ಕೆ ಹೋಗುವ ಮುಂಚೆ ಗುಂಪಿನ ದನಿ ಹದಕ್ಕೆ ತಂದುಕೊಳ್ಳಲು ಇಟ್ಟುಕೊಳ್ಳುವ ಸೊಲ್ಲು. ಅದರಲ್ಲಿ ಇನ್ನೊಂದು ಜಾಣತನ ಇದೆ. ಹೀ, ಹೂ, ಹೋ, ಹಾ: ಪ್ರತಿ ಸಾಲಿಗೂ ಸ್ವರ ಮಾತ್ರ ಬದಲು. ಕಾಗುಣಿತ ಕಲಿಯುವ ಮಗು ಹೇಳಿದಂತಿದೆ. ಕುಡಿದವನೂ ತಪ್ಪಿಲ್ಲದೆ ಹೇಳಬಲ್ಲ. ಡಿಸ್ಕೋದಲ್ಲಿ ಇದಕ್ಕಿಂತ ದೊಡ್ಡ ಅರ್ಹತೆ ಬೇಕಿಲ್ಲ.

ಆಮೇಲೆ ಬರುವ ಸಾಹಿತ್ಯ ಪೂರ್ತಿ ಒಂದು ಫೋನ್ ಕಾಲ್. ‘ಹಲೋ, ನಮಸ್ಕಾರ, ನಾನು, ಒಬ್ಬ ಹೈದುಕ್’ ಅಂತ ಶುರು. ಹೈದುಕ್ ಅಂದರೆ ಬಾಲ್ಕನ್ ಕಡೆಯ ಕಾಡಿನ ಡಕಾಯಿತ. ತುರ್ಕರಿಗೂ ಜಮೀನ್ದಾರರಿಗೂ ಸಡ್ಡು ಹೊಡೆದು ಕಾಡು ಸೇರಿದ, ಜನ ಲಾವಣಿ ಕಟ್ಟಿ ಹಾಡುವ ಗಂಡುಗಲಿ. ಅಂಥವನು ಇಲ್ಲಿ ಮೊಬೈಲ್ ಹಿಡಿದು ಹುಡುಗಿಗೆ ಕರೆ ಮಾಡುತ್ತಿದ್ದಾನೆ. ಮುಂದಿನ ಸಲ ಕರೆ ಮಾಡಿದಾಗ ‘ನಾನು, ಪಿಕಾಸೊ’ ಅನ್ನುತ್ತಾನೆ. ಅದರ ಬೆನ್ನಲ್ಲೇ ಬರುವ ಮಾತು ಕೇಳಿದಾಗ ನಾನು ಜೋರಾಗಿ ನಕ್ಕುಬಿಟ್ಟೆ: ‘ನಿನಗೆ ಬೀಪ್ ಕೊಟ್ಟೆ.’

ಬೀಪ್ ಕೊಡೋದು ಅಂದರೆ ಏನು? ಮಿಸ್ಡ್ ಕಾಲ್ ಕೊಡೋದು! ಒಂದು ರಿಂಗ್ ಆಗುವಷ್ಟರಲ್ಲಿ ಕಟ್ ಮಾಡೋದು. ನಾನು ನೆನಪಾದೆನಾ ಅಂತ ಕೇಳೋದು, ಆದರೆ ದುಡ್ಡು ಖರ್ಚು ಮಾಡದೆ. 2003ರಲ್ಲಿ ನಮ್ಮಲ್ಲಿ ಇನ್‌ಕಮಿಂಗ್ ಫ್ರೀ ಆದ ಮೇಲೆ ಹಾಸ್ಟೆಲ್ ಹುಡುಗರ ಪ್ರೇಮವೆಲ್ಲ ನಡೆದದ್ದು ಹೀಗೇ ಅಲ್ಲವೇ? ಒಂದು ಮಿಸ್ಡ್ ಕಾಲ್ ಅಂದರೆ ಊಟ ಆಯ್ತು, ಎರಡು ಅಂದರೆ ಕೆಳಗೆ ಬಾ. ಅದೇ ವರ್ಷ ಅಲ್ಲೊಬ್ಬ ಅದನ್ನೇ ಹಾಡಿನೊಳಗೆ ಇಟ್ಟಿದ್ದ. ಬೀಪ್ ಕೊಟ್ಟವನು ಮುಂದುವರಿದು ‘ನಾನು ಗಟ್ಟಿಗ, ನಿನ್ನಿಂದ ನನಗೇನೂ ಬೇಡ’ ಅನ್ನುತ್ತಾನೆ. ಮಿಸ್ಡ್ ಕಾಲ್ ಕೊಟ್ಟು ಏನೂ ಬೇಡ ಅನ್ನೋದು! ಕಾಡಿನ ಡಕಾಯಿತನ ಪ್ರಿಪೇಯ್ಡ್ ಕರೆನ್ಸಿ ಮುಗಿದಿರಬೇಕು.

ಈ ಸಾಲುಗಳಲ್ಲಿ ಭಾಷೆಗಳ ಕಲಬೆರಕೆಯನ್ನೂ ನೋಡಿ. ರೊಮೇನಿಯನ್ನಿನ ಹಂದರ ಲ್ಯಾಟಿನ್. ಆದರೆ ಪ್ರೀತಿಗೆ ಅವರು ಬಳಸುವ ‘ದ್ರಾಗೊಸ್ತೆ’ ಸ್ಲಾವ್ ಭಾಷೆಗಳಿಂದ ಬಂದದ್ದು, ಗಟ್ಟಿಗ ಅನ್ನುವ ‘ವೊಯ್ನಿಕ್’ ಕೂಡ ಸ್ಲಾವ್, ಬೀಪ್ ಇಂಗ್ಲಿಷ್. ಶುದ್ಧ ಭಾಷೆಯಲ್ಲಿ ಪ್ರೇಮಗೀತೆ ಬರೆಯಲು ಹೊರಟಿದ್ದರೆ ಆ ಹುಡುಗನ ಬಾಯಿಂದ ಒಂದು ಸಾಲೂ ಹೊರಡುತ್ತಿರಲಿಲ್ಲ.

ಈಗ ಪಲ್ಲವಿ. ನಮ್ಮ ಗಾಯಕಿ ಬರೆದುಕೊಂಡ ‘ನುಮಾ ನುಮಾ ಏ’. ಅದು ಒಂದು ಪದವಲ್ಲ. ‘ನು’ ಅಂದರೆ ಇಲ್ಲ. ‘ಮಾ’ ಅಂದರೆ ನನ್ನನ್ನು. ‘ಯೇಯ್’ ಅಂದರೆ ಕರೆದುಕೊಳ್ಳುತ್ತೀಯೆ. ‘ಹೊರಡಬೇಕು ಅಂತೀಯ, ಆದರೆ ನನ್ನ ಕರೆದುಕೊಂಡು ಹೋಗ್ತಿಲ್ಲ.’ ಹಾಡುಗಾರ ತಾಳಕ್ಕೆ ಬೇಕು ಅಂತ ‘ನು ಮಾ, ನು ಮಾ’ ಅಂತ ಎರಡು ಸಲ ತೊದಲಿ ಆಮೇಲೆ ಕ್ರಿಯಾಪದಕ್ಕೆ ಹೋಗುತ್ತಾನೆ. ಜಗತ್ತು ಹಿಡಿದುಕೊಂಡದ್ದು ಆ ತೊದಲನ್ನು. ಕ್ರಿಯಾಪದ ಬರುವ ಹೊತ್ತಿಗೆ ಎಲ್ಲರೂ ಕುಣಿಯುತ್ತಿದ್ದರು. ಅವತ್ತು ಹುಬ್ಬಳ್ಳಿಯಲ್ಲಿ ವಧೂವರರ ಸುತ್ತ ನಿಂತು ಐವತ್ತು ಜನ ಸಂತೋಷದಿಂದ ಕೂಗುತ್ತಿದ್ದದ್ದು ‘ನನ್ನ ಬಿಟ್ಟು ಹೋಗ್ತಿದೀಯ’ ಅಂತ. ನೆನೆಸಿಕೊಂಡರೆ ಈಗಲೂ ಮುಜುಗರ.

ಇದು ನನ್ನ ಓದು ಅಷ್ಟೇ, ಬಾಲಾನ್ ಹೀಗೆ ಹೇಳಿದ್ದಾನೆ ಅಂತಲ್ಲ: ಆ ಕಾಲದ ಮೊಲ್ಡೋವಾದಲ್ಲಿ ‘ಹೊರಡುವುದು’ ಅನ್ನುವ ಕ್ರಿಯಾಪದ ಹಗುರದ್ದಲ್ಲ. ಯುರೋಪಿನ ಅತಿ ಬಡ ದೇಶಗಳಲ್ಲಿ ಅದೂ ಒಂದು. ಲಕ್ಷಾಂತರ ಜನ ಕೆಲಸ ಹುಡುಕಿಕೊಂಡು ರಷ್ಯಾಕ್ಕೆ, ಇಟಲಿಗೆ, ಪೋರ್ಚುಗಲ್‌ಗೆ ಹೋದರು. ಇಟಲಿಗೆ ಹೋದವರಲ್ಲಿ ಹೆಂಗಸರೇ ಹೆಚ್ಚು, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಗೆಲಸಕ್ಕೆ. ಮಕ್ಕಳು ಅಜ್ಜಿಯರ ಹತ್ತಿರ. ಫೋನಿನಲ್ಲೇ ಸಂಸಾರ. ಮೊಲ್ಡೋವಾದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಇಲ್ಲದೆ ಪಶ್ಚಿಮ ಯುರೋಪಿಗೆ ಹೋಗಲು ಅವಕಾಶ ಸಿಕ್ಕಿದ್ದು 2014ರಲ್ಲಿ, ಹಾಡು ಅಲ್ಲೆಲ್ಲ ತಿರುಗಿ ಬಂದ ಹತ್ತು ವರ್ಷದ ಮೇಲೆ.

ಇನ್ನು ‘ತೇಯ್’. ಅದು ಲಿಂಡೆನ್ ಮರ. ನಮ್ಮ ಕೆಲವು ಹಳೇ ಬಡಾವಣೆಗಳ ರಸ್ತೆಯಲ್ಲಿ ಆಕಾಶಮಲ್ಲಿಗೆ ಇದ್ದ ಹಾಗೆ ಆ ಕಡೆಯ ಊರುಗಳ ಬೀದಿಗಳಲ್ಲಿ ಲಿಂಡೆನ್. ಜೂನ್ ಬಂದರೆ ಹೂ ಬಿಟ್ಟು ಊರೆಲ್ಲ ಜೇನಿನ ವಾಸನೆ. ಹೂವನ್ನು ಒಣಗಿಸಿ ಚಹಾ ಮಾಡಿಕೊಂಡು ಕುಡಿಯುತ್ತಾರೆ. 19ನೇ ಶತಮಾನದ ಅವರ ಮಹಾಕವಿ ಮಿಹಾಯ್ ಎಮಿನೆಸ್ಕು ಪ್ರೇಮವನ್ನು ಮತ್ತೆ ಮತ್ತೆ ಕೂರಿಸಿದ್ದು ಇದೇ ಮರದ ಕೆಳಗೆ. ಯಾಶ್ ಪಟ್ಟಣದ ಕೊಪೋ ಉದ್ಯಾನದಲ್ಲಿ ‘ಎಮಿನೆಸ್ಕುವಿನ ಲಿಂಡೆನ್’ ಅಂತಲೇ ಒಂದು ಹಳೇ ಮರ ಇದೆ. ಹಾಗಾಗಿ ‘ಲಿಂಡೆನ್ ಮರಗಳಿಂದ ಬಂದ ಪ್ರೀತಿ’ ಅಂದ ಕೂಡಲೇ ರೊಮೇನಿಯನ್ ಮಾತಾಡುವವರಿಗೆ ಶಾಲೆಯ ಪದ್ಯಪುಸ್ತಕ ನೆನಪಾಗುತ್ತದೆ. ಈ ಹೆಸರನ್ನು ಇಂಗ್ಲಿಷಿಗೆ ತಂದವರೆಲ್ಲ ಸೋತಿದ್ದಾರೆ. ನಾನೂ ಇವತ್ತು ನಿಮ್ಮ ಮುಂದೆ ಸೋಲುತ್ತಿದ್ದೇನೆ.

ಹಾಡು ಗಡಿ ದಾಟಿದ ಬಗೆ ಇನ್ನೂ ಸ್ವಾರಸ್ಯ. ಮೊದಲು ದಾಟಿಸಿದವರು ಓ-ಝೋನ್ ಅಲ್ಲ. ಪೌಲಾ ಮಿತ್ರಾಕೆ ಅನ್ನುವ ರೊಮೇನಿಯಾದ ಹೆಣ್ಣುಮಗಳು ಇಟಲಿಯಲ್ಲಿ ಇದೇ ಹಾಡನ್ನು ರೊಮೇನಿಯನ್‌ನಲ್ಲೇ ಹಾಡಿ ಬಿಡುಗಡೆ ಮಾಡಿಸಿದಳು. 2004ರ ಆರಂಭದಲ್ಲಿ ಇಟಲಿಯಲ್ಲಿ ನಂಬರ್ ಒನ್ ಆದದ್ದು ಆ ದನಿ. ಅವಳು ಇಟ್ಟುಕೊಂಡ ವೇದಿಕೆಯ ಹೆಸರೇನು ಗೊತ್ತೇ? ಹೈದುಚಿ, ಅಂದರೆ ‘ಆ ಹೈದುಕರು’. ಹಾಡನ್ನೂ ತೆಗೆದುಕೊಂಡು ಹಾಡಿನೊಳಗಿನ ಡಕಾಯಿತನ ಹೆಸರನ್ನೂ ತೆಗೆದುಕೊಂಡಳು. ಹೆಸರಿಗೆ ತಕ್ಕ ಕೆಲಸ ಅಂತ ನೀವು ನಗಬಹುದು, ಆದರೆ ಕವರ್ ಹಾಡುವುದು ತಪ್ಪಲ್ಲ. ನಮ್ಮ ಆರ್ಕೆಸ್ಟ್ರಾದವರ ಅನ್ನವೇ ಅದು. ಅವಳಿಂದ ಕಿವಿ ಕಾದಿದ್ದ ಮೇಲೆ ಮೂಲದವರ ಹಾಡನ್ನೂ ಇಟಲಿಯ ಟೈಮ್ ರೆಕಾರ್ಡ್ಸ್ ಹೊರತಂದಿತು. ಹಲವು ದೇಶಗಳಲ್ಲಿ ಒಂದೇ ಹಾಡಿನ ಎರಡು ರೂಪಗಳು ಒಂದೇ ಚಾರ್ಟಿನಲ್ಲಿ ಮೊಣಕೈ ತಿವಿದುಕೊಂಡು ನಿಂತವು.

2004ರ ಬೇಸಿಗೆ ಪೂರ್ತಿ ಓ-ಝೋನ್‌ನದ್ದು. ಜರ್ಮನಿಯಲ್ಲಿ 14 ವಾರ ನಂಬರ್ ಒನ್, ಫ್ರಾನ್ಸಿನಲ್ಲಿ 15 ವಾರ, ಇಡೀ ಯುರೋಪಿನ ಚಾರ್ಟಿನಲ್ಲಿ 12 ವಾರ. ಫ್ರಾನ್ಸ್ ಒಂದರಲ್ಲೇ ಸಿಂಗಲ್ ಮಾರಾಟ ಹತ್ತು ಲಕ್ಷ ದಾಟಿತು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಹಾಡನ್ನು ಹತ್ತಿರ ಸೇರಿಸದ ಬ್ರಿಟನ್ನಿನಲ್ಲೂ ಮೂರನೇ ಸ್ಥಾನ.

ಬೇಸಿಗೆ ಅಂದರೆ ನಮ್ಮ ಏಪ್ರಿಲ್ ಧಗೆಯನ್ನು ನೆನೆಯಬೇಡಿ. ನಮಗೆ ಬೇಸಿಗೆ ಅಂದರೆ ನೆರಳು ಹುಡುಕುವ ಕಾಲ, ಅವರಿಗೆ ಬಿಸಿಲು ಹುಡುಕುವ ಕಾಲ. ಜುಲೈ-ಆಗಸ್ಟ್‌ನಲ್ಲಿ ಉತ್ತರದ ಊರುಗಳು ಖಾಲಿಯಾಗಿ ಜನ ಮೆಡಿಟರೇನಿಯನ್ ತೀರಕ್ಕೆ ಇಳಿಯುತ್ತಾರೆ. ಫ್ರಾನ್ಸಿನಲ್ಲಿ ಕಾನೂನಿನ ಪ್ರಕಾರವೇ ವರ್ಷಕ್ಕೆ ಐದು ವಾರ ಸಂಬಳ ಸಹಿತ ರಜೆ. ಬೀಚಿನಲ್ಲಿ, ಬಾರಿನಲ್ಲಿ, ಕ್ಯಾಂಪಿನಲ್ಲಿ ಎಲ್ಲ ಕಡೆ ಅದೇ ಹಾಡು. ಅಕ್ಕಪಕ್ಕ ಕುಣಿಯುವವರಿಗೆ ಒಬ್ಬರ ಭಾಷೆ ಒಬ್ಬರಿಗೆ ಬಾರದು, ಹಾಗಾಗಿ ಯಾರ ಭಾಷೆಯೂ ಅಲ್ಲದ ‘ಮಾಯಾಹೀ’ ಎಲ್ಲರಿಗೂ ಅನುಕೂಲ. ರಜೆ ಮುಗಿಸಿ ಊರಿಗೆ ಬಂದವರು ಜಾತ್ರೆಯಿಂದ ಬೆಂಡು-ಬತ್ತಾಸು ತಂದ ಹಾಗೆ ಸಿಡಿ ಕೊಂಡುಕೊಳ್ಳುತ್ತಾರೆ. ಇಂಥ ಹಾಡಿಗೆ ಫ್ರೆಂಚರಲ್ಲಿ, ಜರ್ಮನ್ನರಲ್ಲಿ ಪ್ರತ್ಯೇಕ ಹೆಸರೇ ಇದೆ, ‘ಬೇಸಿಗೆಯ ಹಿಟ್’ ಅಂತ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. 1989ರ ಬೇಸಿಗೆಯಲ್ಲಿ ಫ್ರಾನ್ಸಿನಿಂದ ಎದ್ದು ಜಗತ್ತನ್ನೆಲ್ಲ ಕುಣಿಸಿದ ‘ಲಂಬಾಡಾ’ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅದರ ಧಾಟಿ ಬೊಲಿವಿಯಾದ ಲೋಸ್ ಕಾರ್ಕಾಸ್ ತಂಡದ ಹಾಡಿನದ್ದು, ಅನುಮತಿ ಇಲ್ಲದೆ ಎತ್ತಿದ್ದು, ವಿಷಯ ಕೋರ್ಟಿಗೂ ಹೋಯಿತು. ಆ ಮೂಲ ಹಾಡಿನ ಹೆಸರಿನ ಅರ್ಥ ‘ಅಳುತ್ತಾ ಹೊರಟುಹೋದಳು’. ಅಲ್ಲೂ ಹೊರಡುವಿಕೆ, ಅಲ್ಲೂ ಅಳು, ಅದಕ್ಕೂ ಬಿಕಿನಿ ತೊಟ್ಟು ಕುಣಿತ. ನಗುವ ಹಾಡಿಗಿಂತ ಅಳುವ ಹಾಡೇ ಬೇಸಿಗೆಯಲ್ಲಿ ಚೆನ್ನಾಗಿ ಓಡುತ್ತದೆಯೋ ಏನೋ. ಕೀಬೋರ್ಡ್ ನುಡಿಸುವವನಾಗಿ ನಾನು ಹೇಳಬಲ್ಲದ್ದು ಒಂದೇ. ‘ನು ಮಾ’ ಪಲ್ಲವಿಯಿಂದ ಕಿಕ್ ತೆಗೆದು, ಲಯ ಅರ್ಧಕ್ಕೆ ಇಳಿಸಿ, ಪಿಯಾನೋದಲ್ಲಿ ನುಡಿಸಿದರೆ ಹೀಗಿರುತ್ತದೆ… ಕೇಳಿದಿರಲ್ಲ? ಶೋಕಗೀತೆ. ಕುಣಿಸುತ್ತಿದ್ದದ್ದು ಧಂ ಧಂ ಮಾತ್ರ.

ಮತ್ತೆ ದಾರಿಗೆ ಬರೋಣ. ಬ್ರೆಜಿಲ್‌ನಲ್ಲಿ ಲಾತಿನೊ ಅನ್ನುವ ಗಾಯಕ ಇದೇ ಧಾಟಿಗೆ ಅಪಾರ್ಟ್‌ಮೆಂಟ್ ಪಾರ್ಟಿಯ ಹಾಡು ಹೊಸೆದು ಗೆದ್ದ. ಸ್ಪೇನಿನಲ್ಲಿ ಹಾಸ್ಯ ಜೋಡಿಯೊಂದು ಅಣಕು ಹಾಡು ಮಾಡಿತು. ಜಪಾನಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪರಭಾಷೆಯ ಹಾಡನ್ನು ತಮ್ಮ ಭಾಷೆಯ ಪದಗಳಾಗಿ ಬೇಕೆಂದೇ ತಪ್ಪಾಗಿ ಕೇಳಿಸಿಕೊಂಡು ಮಜಾ ತೆಗೆದುಕೊಳ್ಳುವ ಚಾಳಿ ಅವರಲ್ಲಿ ಹಳೆಯದು. ಅಲ್ಲಿನ ಒಬ್ಬ ಫ್ಲ್ಯಾಶ್ ಆನಿಮೇಷನ್ ಮಾಡಿದ. ಬೆಕ್ಕುಗಳು ಕುಣಿಯುತ್ತವೆ, ಕೆಳಗೆ ಜಪಾನೀ ಪದಗಳು ಓಡುತ್ತವೆ. ‘ನು ಮಾ ನು ಮಾ ಯೇಯ್’ ಅವರ ಕಿವಿಗೆ ‘ನೋಮಾ ನೋಮಾ ಯೇಯ್’ ಆಯಿತು, ಕುಡಿಯೋಣ ಕುಡಿಯೋಣ ಹೋಯ್! ಬಿಟ್ಟುಹೋಗಬೇಡ ಅಂತ ಗೋಗರೆದವನ ಕೈಗೆ ಗ್ಲಾಸು ಕೊಟ್ಟು ಕೂರಿಸಿದರು. 2005ರಲ್ಲಿ ಏವೆಕ್ಸ್ ಕಂಪನಿ ಹಾಡನ್ನು ಅಲ್ಲಿ ಮಾರಿದ್ದು ‘ಪ್ರೇಮದ ಮಾಯಾಹಿ’ ಅನ್ನುವ ಹೆಸರಿನಲ್ಲಿ. ಲಿಂಡೆನ್ ಮರ ಬಿದ್ದುಹೋಯಿತು, ಅರ್ಥವಿಲ್ಲದ ಸೊಲ್ಲು ಶೀರ್ಷಿಕೆಗೇರಿತು. ಕಂಪನಿ ಆ ಬೆಕ್ಕನ್ನೂ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೊರಟಾಗ, ಅದು ತಮ್ಮ ಚರ್ಚಾಕಟ್ಟೆಯಲ್ಲಿ ಎಲ್ಲರೂ ಸೇರಿ ಬೆಳೆಸಿದ ಬೆಕ್ಕು ಅಂತ ಅಲ್ಲಿನ ಇಂಟರ್ನೆಟ್ ಮಂದಿ ರೊಚ್ಚಿಗೆದ್ದರು. ಕಂಪನಿ ಹಿಂದೆ ಸರಿಯಿತು.

ಆ ಬೆಕ್ಕಿನ ಆನಿಮೇಷನ್ ನೋಡಿಯೇ ಅಮೆರಿಕದ ನ್ಯೂಜೆರ್ಸಿಯಲ್ಲಿ 18ರ ಹುಡುಗನೊಬ್ಬ 2004ರ ಡಿಸೆಂಬರ್‌ನಲ್ಲಿ ವೆಬ್‌ಕ್ಯಾಮ್ ಮುಂದೆ ಕೂತ. ತಲೆಗೆ ಹೆಡ್‌ಫೋನ್. ಕುರ್ಚಿ ಬಿಟ್ಟು ಏಳುವುದಿಲ್ಲ. ಹುಬ್ಬು, ತುಟಿ, ಎರಡು ತೋಳು, ಇಷ್ಟರಲ್ಲೇ ಇಡೀ ಹಾಡನ್ನು ಅಭಿನಯಿಸಿದ. ಯೂಟ್ಯೂಬ್ ಇನ್ನೂ ಹುಟ್ಟಿರಲಿಲ್ಲ ಅನ್ನುವುದು ನೆನಪಿರಲಿ. ‘ನುಮಾ ನುಮಾ’ ಅನ್ನುವ ಹೆಸರು ಗಟ್ಟಿಯಾದದ್ದು ಅವನ ಆ ವಿಡಿಯೋದಿಂದ. ಫೆಬ್ರವರಿ ಹೊತ್ತಿಗೆ ನ್ಯೂಯಾರ್ಕ್ ಟೈಮ್ಸ್ ಅವನ ಬಗ್ಗೆ ಬರೆಯಿತು. ಅಷ್ಟರಲ್ಲಿ ಹುಡುಗ ಗಾಬರಿಯಾಗಿ ಯಾರಿಗೂ ಮುಖ ತೋರಿಸದ ಹಾಗಾಗಿದ್ದ. ನಾನು ಆ ವಿಡಿಯೋವನ್ನು ಹತ್ತಿಪ್ಪತ್ತು ಸಲ ನೋಡಿದ್ದೇನೆ. ಓ-ಝೋನ್‌ನವರು ವಿಮಾನದ ರೆಕ್ಕೆ ಮೇಲೆ ಕುಣಿದ ದುಬಾರಿ ವಿಡಿಯೋಗಿಂತ ನನಗೆ ಇದೇ ಇಷ್ಟ. ಇವನ ಹತ್ತಿರ ಲಯ ಇದೆ.

ಆ ವಿಡಿಯೋ ಲೋಕ ಸುತ್ತಲು ಹೊರಟಾಗಲೇ, 2005ರ ಜನವರಿಯಲ್ಲಿ, ಓ-ಝೋನ್ ಒಡೆಯಿತು. ಆರ್ಸೆನಿಯೆ 2006ರಲ್ಲಿ ಯುರೋಪಿನ ದೇಶಗಳ ಹಾಡಿನ ಸ್ಪರ್ಧೆಯಾದ ಯುರೋವಿಷನ್‌ಗೆ ಮೊಲ್ಡೋವಾದ ಪರವಾಗಿ ಹೋಗಿ 20ನೇ ಸ್ಥಾನ ಪಡೆದ. ಯುರೋಪಿನಲ್ಲಿ ಸಿಕ್ಕ ಗೆಲುವು ಮೂಲ ಹಾಡಿಗೆ ಅಮೆರಿಕದಲ್ಲಿ ಸಿಗಲಿಲ್ಲ, ಧಾಟಿಗೆ ಸಿಕ್ಕಿತು. 2008ರಲ್ಲಿ ಅಲ್ಲಿನ ರ‍್ಯಾಪ್ ಗಾಯಕ ಟಿ.ಐ. ಮತ್ತು ಗಾಯಕಿ ರಿಹಾನಾ ಅದನ್ನೇ ಎತ್ತಿಕೊಂಡು ಮಾಡಿದ ಇಂಗ್ಲಿಷ್ ಹಾಡು ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದೇ ವಾರದಲ್ಲಿ 80ರಿಂದ ಒಂದನೇ ಸ್ಥಾನಕ್ಕೆ ಹಾರಿತು. 2024ರಲ್ಲಿ ಡಿಜೆ ಡೇವಿಡ್ ಗೆಟ್ಟಾ, ಒನ್‌ರಿಪಬ್ಲಿಕ್ ಬ್ಯಾಂಡ್ ಸೇರಿ ಮತ್ತೆ ಇಂಗ್ಲಿಷ್‌ನಲ್ಲಿ ಹೊಸೆದರು. ನನ್ನ ಅಕ್ಕನ ಮಗಳು ಅದನ್ನು ಹಾಕಿಕೊಂಡು ಕೂತಿದ್ದಳು. ‘ಮಾಮಾ, ಹೊಸ ಹಾಡು ಕೇಳು’ ಅಂದಳು. ನಾನು ಮಾಯಾ ಹೀ ಅಂತ ಶುರು ಮಾಡಿದೆ. ‘ನಿನಗೆ ಹೇಗೆ ಗೊತ್ತು?’ ಅಂದಳು.

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: ‘ಡಕಾಯಿತ ಅಂದಿದ್ದು ಸರಿ, ನಡುವೆ ಪಿಕಾಸೊ ಯಾಕೆ?’ ಒಳ್ಳೇ ಪ್ರಶ್ನೆ. ರೊಮೇನಿಯನ್‌ನಲ್ಲಿ ಹಲೋಗೆ ‘ಅಲೋ’ ಅಂತಾರೆ. ಅಲೋ, ಅಲೋ ಅಂದಾದ ಮೇಲೆ ಪ್ರಾಸಕ್ಕೆ ಓಕಾರಾಂತದ ಒಂದು ದೊಡ್ಡ ಹೆಸರು ಬೇಕಿತ್ತು ಅಂತ ನನಗನ್ನಿಸುತ್ತದೆ. ನಮ್ಮ ರಿದಮ್ ಪ್ಯಾಡಿನವನಿಗೆ ಇದನ್ನು ಹೇಳಿದಾಗ ಅವನು ಒಪ್ಪಲಿಲ್ಲ. ‘ಮಿಸ್ಡ್ ಕಾಲ್ ಕೊಡೋವ್ನು ಖರೇ ಹೆಸರು ಹೇಳ್ತಾನೇನ್ರೀ?’ ಅಂದ.